ಮನೆ ಸೋರುತ್ತಿದೆಯಾ? ಕೆಮಿಕಲ್ ಡಬ್ಬಿ ತರುವ ಮೊದಲು ನೀರಿನ ದಾರಿ ಹುಡುಕಿ

2019ರ ಆಗಸ್ಟ್ ಮಳೆಯನ್ನು ಬೆಳಗಾವಿ ಕಡೆಯವರು ಯಾರೂ ಮರೆತಿಲ್ಲ. ಆ ವಾರ ನಮ್ಮ ವಡಗಾವಿ ಮನೆಯ ಪಡಸಾಲೆಯಲ್ಲಿ ಫ್ಯಾನಿನ ಬುಡದಿಂದ ಹನಿ ಬೀಳಲು ಶುರುವಾಯಿತು. ಮಳೆ ನಿಂತ ಮೇಲೆ ಗೌಂಡಿ ಬಂದ. ಫ್ಯಾನಿನ ನೇರಕ್ಕೆ ತಾರಸಿ ಮೇಲೆ ಕೂದಲೆಳೆಯಂಥ ಬಿರುಕು ಸಿಕ್ಕಿತು. ‘ಇದ ನೋಡ್ರಿ’ ಎಂದು ಸಿಮೆಂಟ್ ತುಂಬಿ ಹೋದ. ಮುಂದಿನ ವರ್ಷ ಮತ್ತೆ ಹನಿ. ಈ ಸಲ ಇಡೀ ತಾರಸಿಗೆ ಕೆಮಿಕಲ್ ಬಳಿಸಿದೆವು. ಮೂರನೇ ವರ್ಷ ಬಕೆಟ್ ಮತ್ತೆ ಅದೇ ಜಾಗಕ್ಕೆ ಬಂತು.

ಕಾರಣ ಹುಡುಕಿದ್ದು ಗೌಂಡಿಯೂ ಅಲ್ಲ, ಕೆಮಿಕಲ್ ಅಂಗಡಿಯವನೂ ಅಲ್ಲ. ತುಕ್ಕು ಹಿಡಿದ ಫ್ಯಾನ್ ಇಳಿಸಲು ಬಂದಿದ್ದ ವಯಸ್ಸಾದ ಎಲೆಕ್ಟ್ರಿಷಿಯನ್. ಮೇನ್ ಆರಿಸಿ, ಫ್ಯಾನಿನ ಡಬ್ಬಿಯೊಳಗೆ ಬೆರಳು ಆಡಿಸಿ ನೋಡಿದರು. ಸುತ್ತಲಿನ ಸ್ಲ್ಯಾಬ್ ಒಣಗಿತ್ತು, ವೈರ್ ಬರುವ ಪೈಪಿನ ಬಾಯಿ ಮಾತ್ರ ಹಸಿ. ಮಾತಾಡದೆ ಮೇಲೆ ಹೋದರು. ಮುಂದೆ ಮಹಡಿ ಕಟ್ಟಿದರೆ ಬೇಕಾಗುತ್ತದೆ ಅಂತ ಮೆಟ್ಟಿಲ ಪಕ್ಕ ಬಿಟ್ಟಿದ್ದ ವೈರಿಂಗ್ ಪೈಪ್ ಅಲ್ಲಿತ್ತು, ಬಾಯಿ ಆಕಾಶಕ್ಕೆ ತೆರೆದುಕೊಂಡು. ಕಟ್ಟುವಾಗ ಯಾರೋ ಅದಕ್ಕೆ ತೆಂಗಿನ ಚಿಪ್ಪು ಮುಚ್ಚಿದ್ದರಂತೆ. ಚಿಪ್ಪು ಪ್ಯಾರಾಪೆಟ್ ಮೂಲೆಯಲ್ಲಿ ಬಿದ್ದಿತ್ತು. ‘ಸರ್, ಮಾಳಿಗೀದು ತಪ್ಪಿಲ್ರೀ. ನೀರು ಇದ್ರಾಗ ಇಳದು ನಿಮ್ಮ ಫ್ಯಾನಿಗೆ ಹೊಂಟೈತಿ’ ಎಂದರು. ಪೈಪಿನಿಂದ ಫ್ಯಾನಿಗೆ 14 ಅಡಿ ದೂರ. ಒಂದು ಪ್ಲಾಸ್ಟಿಕ್ ಮುಚ್ಚಳ ಹಾಕಿದರು. ಚಹಾ, ಭಜಿ ತಿನ್ನುವಷ್ಟೂ ದುಡ್ಡಾಗಲಿಲ್ಲ. ಹನಿ ನಿಂತಿತು.

ಆಮೇಲೆ ನೆಂಟರ, ಗೆಳೆಯರ ಮನೆಗಳ ಸೋರಿಕೆ ನೋಡುವುದು ನನಗೆ ಒಂದು ಹುಚ್ಚೇ ಆಗಿಬಿಟ್ಟಿದೆ. ಎಲ್ಲ ಕಡೆ ನಡೆಯುವುದು ಒಂದೇ ತಪ್ಪು. ಹನಿ ಬೀಳುವ ಜಾಗದ ನೇರ ಮೇಲೆಯೇ ತೂತು ಇದೆ ಅಂದುಕೊಳ್ಳುತ್ತಾರೆ. ನೀರು ಹಾಗೆ ಬರುವುದು ಕಡಿಮೆ. ಸ್ಲ್ಯಾಬಿನೊಳಗೆ ಸಿಕ್ಕ ಸಂದಿಯಲ್ಲಿ ಹರಿದು, ಎಲ್ಲಿ ಸಲೀಸಾಗಿ ಇಳಿಯಲು ಆಗುತ್ತದೋ ಅಲ್ಲಿ ಇಳಿಯುತ್ತದೆ. ಆ ದಾರಿಯನ್ನು ಹಿಂದಕ್ಕೆ ಹುಡುಕುತ್ತಾ ಹೋಗುವುದು ಹೇಗೆ ಅಂತ ಹೇಳುತ್ತೇನೆ.

ಹೆಜ್ಜೆ 1: ಮೇನ್ ಆರಿಸಿ

ಫ್ಯಾನ್, ಟ್ಯೂಬ್‌ಲೈಟ್ ಅಥವಾ ಸ್ವಿಚ್ ಬೋರ್ಡಿನ ಹತ್ತಿರ ನೀರು ಕಂಡರೆ ಮೊದಲು ಆ ಭಾಗದ ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸಣ್ಣ ಸ್ವಿಚ್) ಇಳಿಸಿ. ಯಾವುದು ಅಂತ ಗೊತ್ತಿಲ್ಲದಿದ್ದರೆ ಮೇನ್ ಸ್ವಿಚ್ಚೇ ಆರಿಸಿ. ಬಕೆಟ್ ಇಡುವುದು, ವಿಡಿಯೋ ಮಾಡುವುದು ಎಲ್ಲ ಆಮೇಲೆ. ಮಳೆ ನಿಂತು ಹನಿ ನಿಂತರೂ ಡಬ್ಬಿ ಒಳಗೆ ಒದ್ದೆ ಇರುತ್ತದೆ. ಎಲೆಕ್ಟ್ರಿಷಿಯನ್ ನೋಡುವವರೆಗೆ ಹಾಕಬೇಡಿ.

ಹೆಜ್ಜೆ 2: ಇದು ಮಳೆ ನೀರೇನಾ?

ಸುಮ್ನೆ ಕೇಳಿದ ಹಾಗಿದೆ, ಆದರೆ ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಗೋಡೆಗೆ ಒಂದು ಕ್ಯಾಲೆಂಡರ್ ಇದೆ ಅಲ್ವಾ, ಅದರ ಮೇಲೆಯೇ ಬರೆಯುತ್ತಾ ಹೋಗಿ: ಯಾವತ್ತು ಮಳೆ ಬಂತು, ಎಷ್ಟು ಹೊತ್ತಿಗೆ ಹನಿ ಶುರುವಾಯಿತು, ಯಾವಾಗ ನಿಂತಿತು. ಎರಡು ವಾರದ ಬರಹ ಸಾಕು.

ಮಳೆ ಶುರುವಾಗಿ ಹತ್ತು ನಿಮಿಷಕ್ಕೇ ಹನಿ ಬಂದರೆ ನೀರಿಗೆ ದೊಡ್ಡ ನೇರ ದಾರಿ ಇದೆ ಅಂತ. ತೆರೆದ ಪೈಪು, ಕಿತ್ತುಹೋದ ಸಂದು, ಸರಿದ ಹಂಚು, ಇಂಥವು. ಮಳೆ ನಿಂತ ಮೇಲೆ ಶುರುವಾಗಿ ಮಾರನೇ ದಿನವೂ ಹನಿಯುತ್ತಿದ್ದರೆ ತಾರಸಿ ಮೇಲೆ ನೀರು ನಿಂತು ನಿಧಾನಕ್ಕೆ ಇಂಗುತ್ತಿದೆ. ಗಾಳಿ ಜೋರಾಗಿ ಪಶ್ಚಿಮದಿಂದ ಹೊಡೆದ ದಿನ ಮಾತ್ರ ಬಂದರೆ ತಾರಸಿಯನ್ನು ಬಿಟ್ಟು ಗೋಡೆ ನೋಡಿ. ಮಳೆಯೇ ಇಲ್ಲದ ದಿನವೂ ತೇವ ಇದ್ದರೆ ನಲ್ಲಿ ಅಥವಾ ಟ್ಯಾಂಕಿನ ನೀರು.

ಟ್ಯಾಂಕಿನ ಮೇಲೆ ಅನುಮಾನ ಇದ್ದರೆ ರಾತ್ರಿ ಎಲ್ಲರೂ ಮಲಗುವಾಗ ಒಳಗಿನ ನೀರಿನ ಮಟ್ಟಕ್ಕೆ ಗುರುತು ಮಾಡಿ, ಬೆಳಗ್ಗೆ ಯಾರೂ ನಲ್ಲಿ ತಿರುವುವ ಮೊದಲು ನೋಡಿ. ಇಳಿದಿದ್ದರೆ ಪೈಪ್ ಎಲ್ಲೋ ಸೋರುತ್ತಿದೆ. ಟ್ಯಾಂಕ್ ತುಂಬಿ ಚೆಲ್ಲುವುದೂ ಒಂದು ಕಾರಣ. ಎರಡು ದಿನಕ್ಕೊಮ್ಮೆ ಮೋಟರ್ ಹಾಕಿ ಮರೆತು, ಒಂದೇ ಮೂಲೆಗೆ ನೀರು ಸುರಿಸಿದರೆ ಆ ಮೂಲೆಗೆ ವರ್ಷವಿಡೀ ಮಳೆಗಾಲ.

ಪತ್ರಾಸ್, ಅಂದರೆ ತಗಡು ಹೊದಿಸಿದ ಮನೆಯವರಿಗೆ ಇನ್ನೊಂದು ಮಾತು. ಚಳಿಗಾಲದ ಬೆಳಗ್ಗೆ ತಗಡಿನ ಒಳಮೈಯಲ್ಲಿ ಕಾಣುವ ಹನಿ ಸೋರಿಕೆಯಲ್ಲ. ಮನೆಯೊಳಗಿನ ಆವಿ ತಣ್ಣನೆಯ ತಗಡಿಗೆ ತಾಗಿ ನೀರಾಗಿದೆ, ಅಷ್ಟೆ. ಗಾಳಿ ಆಡಲು ಕಿಂಡಿ ಬಿಟ್ಟರೆ ಹೋಗುತ್ತದೆ.

ಹೆಜ್ಜೆ 3: ಮಳೆ ನಿಲ್ಲುತ್ತಿದ್ದಂತೆ ಮೇಲೆ ಹೋಗಿ

ಗುಡುಗು, ಮಿಂಚು ಇಲ್ಲ ಅಂದಾಗ ಮಾತ್ರ. ಪಾಚಿ ಇದ್ದರೆ ಬರಿಗಾಲು, ಸವೆದ ಚಪ್ಪಲಿ ಎರಡೂ ಬೇಡ. ಒಂದು ಸೀಮೆಸುಣ್ಣ ಜೇಬಿನಲ್ಲಿರಲಿ. ಎಲ್ಲೆಲ್ಲಿ ನೀರು ನಿಂತಿದೆಯೋ ಅದರ ಅಂಚು ಒಣಗಿದ ತಕ್ಷಣ ಗೆರೆ ಎಳೆಯಿರಿ. ಬೇಸಿಗೆಯಲ್ಲಿ ಗೌಂಡಿ ಬಂದಾಗ ಅವನ ಕಣ್ಣಿಗೆ ಸಪಾಟಾಗಿ ಕಾಣುವ ತಾರಸಿಯಲ್ಲಿ ತಗ್ಗು ಎಲ್ಲಿದೆ ಎಂದು ನೀವೇ ತೋರಿಸಬಹುದು.

ತಾರಸಿಗೆ ಕನಿಷ್ಠ 100ಕ್ಕೆ 1ರ ಇಳಿಜಾರು ಬೇಕು. ಅಂದರೆ 10 ಅಡಿಗೆ ಸುಮಾರು ಒಂದೂಕಾಲು ಇಂಚು. 1,000 ಚದರ ಅಡಿ ತಾರಸಿಗೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಅಷ್ಟೂ ಕೆಳಗಿಳಿಯುವುದು ಪೈಪಿನಿಂದಲೇ. ನಾಲ್ಕು ಇಂಚಿನ ಒಂದು ಪೈಪ್ 400 ಚದರ ಅಡಿಯ ನೀರನ್ನು ಆರಾಮವಾಗಿ ಒಯ್ಯುತ್ತದೆ. ಎಷ್ಟೋ ಮನೆಗಳಲ್ಲಿ ಇಡೀ ತಾರಸಿಗೆ ಒಂದೇ ಪೈಪು, ಅದೂ ಎರಡೂವರೆ ಇಂಚಿನದು. ಅದರ ಬಾಯಿಗೆ ಒಂದು ಪಾನ್‌ಮಸಾಲಾ ಚೀಟಿ ಕೂತರೂ ಮುಗಿಯಿತು. ಬಾಯಿಗೆ ಜಾಳಿಗೆ ಹಾಕಿದ್ದೇವಲ್ಲ ಅನ್ನಬೇಡಿ. ಜಾಳಿಗೆ ಚಪ್ಪಟೆ ಇದ್ದರೆ ನಾಲ್ಕು ಎಲೆ ಸಾಕು. ಗುಮ್ಮಟದ ಹಾಗೆ ಮೇಲೆದ್ದ ಜಾಳಿಗೆ ಬರುತ್ತದೆ, ಅದು ಒಳ್ಳೆಯದು.

ಹೆಜ್ಜೆ 4: ನಡುವೆ ಅಲ್ಲ, ಅಂಚಿನಲ್ಲಿ ಹುಡುಕಿ

ತಾರಸಿಯ ನಡುಭಾಗ ಸಾಮಾನ್ಯವಾಗಿ ಗಟ್ಟಿಯೇ ಇರುತ್ತದೆ. ಎರಡು ವಸ್ತು ಕೂಡುವ ಕಡೆ, ಏನಾದರೂ ಸ್ಲ್ಯಾಬ್ ತೂರಿ ಹೋಗುವ ಕಡೆ ನೀರು ಒಳಗೆ ಬರುತ್ತದೆ. ನಾನು ನೋಡುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಕಾಲಂ ಸರಳುಗಳು. ನಮ್ಮಲ್ಲಿ ಮುಂದೆ ಮಗ ಮಹಡಿ ಕಟ್ಟುತ್ತಾನೆ ಅಂತ ನಾಲ್ಕೂ ಮೂಲೆಗೆ ಸರಳು ಬಿಡದ ಮನೆ ಎಷ್ಟಿವೆ ಹೇಳಿ? ಮಗ ಪುಣೆ ಸೇರುತ್ತಾನೆ, ಸರಳು ಹತ್ತು ವರ್ಷ ಮಳೆಯಲ್ಲಿ ನಿಲ್ಲುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಬುಡದ ಕಾಂಕ್ರೀಟಿಗೆ ಬಿರುಕು ಬೀಳುತ್ತದೆ, ಸರಳಿನ ಗುಂಟ ನೀರು ಕಾಲಂ ಒಳಗೇ ಇಳಿಯುತ್ತದೆ. ಕೆಳಗೆ ಕೋಣೆಯ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಉದ್ದಕ್ಕೆ ತೇವದ ಪಟ್ಟಿ ಕಂಡರೆ ಮೇಲೆ ಹೋಗಿ ಇದನ್ನೇ ನೋಡಿ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ನಿರೋಧಕ ಬಳಿದು, ಸರಳನ್ನು ಕಡಿಮೆ ಸಿಮೆಂಟಿನ ಕಾಂಕ್ರೀಟಿನಲ್ಲಿ ಪೂರ್ತಿ ಮುಚ್ಚಿಬಿಡಿ. ಮುಂದೆ ಬೇಕಾದಾಗ ಒಡೆಯಲು ಬರುತ್ತದೆ. ಬುಡದ ಸುತ್ತ ನೀರು ನಿಲ್ಲದಂತೆ ಇಳಿಜಾರು ಕೊಡಿ. ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕುತ್ತಾರಲ್ಲ, ಅದು ತುದಿಯನ್ನು ಕಾಯುತ್ತದೆ, ಬುಡವನ್ನಲ್ಲ.

ಎರಡನೆಯದು ಪ್ಯಾರಾಪೆಟ್ ಬುಡ. ಸ್ಲ್ಯಾಬ್ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 30 ಅಡಿ ಉದ್ದದ ಸ್ಲ್ಯಾಬಿಗೆ 30 ಡಿಗ್ರಿ ವ್ಯತ್ಯಾಸ ಆದರೆ ಸುಮಾರು 3 ಮಿಲಿಮೀಟರ್ ಆಟ. ವಿಜಯಪುರದ ಏಪ್ರಿಲ್, ಮೇ ಬಿಸಿಲಿಗೆ ತಾರಸಿ ಕಾಯುವುದು ಗೊತ್ತಲ್ಲ, ಬರಿಗಾಲಲ್ಲಿ ಹಪ್ಪಳ ಹಾಕಲು ಹೋದವರನ್ನು ಕೇಳಿ. ಮೇಲೆ ಕೂತ ಇಟ್ಟಿಗೆಯ ಪ್ಯಾರಾಪೆಟ್ ಅದರ ಜೊತೆ ಅದೇ ಲೆಕ್ಕದಲ್ಲಿ ಆಡುವುದಿಲ್ಲ. ಹಾಗಾಗಿ ಬುಡದಲ್ಲಿ ಉದ್ದಕ್ಕೆ ಬಿರುಕು ಬಿಡುತ್ತದೆ. ಮಳೆ ಕಡಿಮೆ ಇರುವ ಊರಿನಲ್ಲೂ ಮನೆ ಸೋರುವುದಕ್ಕೆ ಇದೇ ದೊಡ್ಡ ಕಾರಣ. ವಿಜಯಪುರಕ್ಕೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಬೆಳಗಾವಿಗೆ ಅದರ ಸುಮಾರು ದುಪ್ಪಟ್ಟು. ಸೋರುವ ಮನೆ ಎರಡೂ ಕಡೆ ಇವೆ. ವಿಜಯಪುರದಲ್ಲಿ ಬಿಸಿಲು ಬಾಗಿಲು ತೆರೆದಿಡುತ್ತದೆ, ಸೆಪ್ಟೆಂಬರಿನ ಹುಬ್ಬಾ, ಉತ್ತರಾ ಮಳೆ ಒಳಗೆ ಬರುತ್ತದೆ.

ಪ್ಯಾರಾಪೆಟ್ ತಲೆಯನ್ನೂ ನೋಡಿ. ಅದರ ಮೇಲ್ಮೈ ತಾರಸಿ ಕಡೆಗೆ ವಾಲಿರಬೇಕು. ಚಪ್ಪಟೆ ಇದ್ದರೆ ನೀರು ಅಲ್ಲೇ ಇಂಗಿ ಗೋಡೆಯೊಳಗೆ ಇಳಿದು, ಕೆಳಗೆ ಸೀಲಿಂಗ್ ಮತ್ತು ಗೋಡೆ ಕೂಡುವಲ್ಲಿ ಕಾಣುತ್ತದೆ. ಬಣ್ಣ ಪುಡಿಯಾಗಿ ಉದುರುವುದು, ಬಿಳಿ ಉಪ್ಪು ಏಳುವುದು ಇದರ ಗುರುತು. ಅರಳಿ ಗಿಡ ಹುಟ್ಟಿದ್ದರೆ ಎಲೆ ಕಿತ್ತು ಬಿಡಬೇಡಿ. ಬೇರು ಒಳಗೆ ಬೆಳೆಯುತ್ತಲೇ ಇರುತ್ತದೆ. ಅಷ್ಟು ಗಿಲಾವು ಒಡೆದು ಬೇರು ತೆಗೆದು ಮತ್ತೆ ಕಟ್ಟಿಸುವುದೇ ದಾರಿ.

ಸಜ್ಜಾ. ಕಿಟಕಿಯ ಮೇಲೆ ತೇವ ಕಂಡರೆ ಎಲ್ಲರೂ ತಾರಸಿ ಹತ್ತುತ್ತಾರೆ. ಕಿಟಕಿಯಿಂದ ಹೊರಗೆ ಬಾಗಿ ಸಜ್ಜಾ ಮೇಲೆ ನೋಡುವವರಿಲ್ಲ. ಅಲ್ಲಿ ಪಕ್ಕದ ಮನೆ ಮಕ್ಕಳ ಚೆಂಡು, ಪಾರಿವಾಳದ ಗೂಡು, ಎರಡು ವರ್ಷದ ಮಣ್ಣು. ನೀರು ಹೊರಗೆ ಹೋಗದೆ ಗೋಡೆ ಕಡೆ ನಿಂತಿರುತ್ತದೆ.

ಮೆಟ್ಟಿಲ ಕೋಣೆಯ ಬಾಗಿಲ ಹೊಸ್ತಿಲು ತಾರಸಿಯಿಂದ ನಾಲ್ಕಾರು ಇಂಚಾದರೂ ಎತ್ತರ ಇರಬೇಕು. ಹಳೆ ತಾರಸಿ ಮೇಲೆ ಮತ್ತೆ ಮತ್ತೆ ಕಾಂಕ್ರೀಟ್ ಹಾಸಿದವರ ಮನೆಯಲ್ಲಿ ಹೊಸ್ತಿಲು ಮುಳುಗಿರುತ್ತದೆ. ಸೋಲಾರ್ ವಾಟರ್ ಹೀಟರ್ ಕಾಲು, ಡಿಶ್ ಆಂಟೆನಾ, ಬಟ್ಟೆ ಒಣಹಾಕುವ ಕಂಬ, ಹೀಗೆ ಡ್ರಿಲ್ ಹೊಡೆದು ಬೋಲ್ಟ್ ಕೂರಿಸಿದ ಪ್ರತಿ ಜಾಗವೂ ಅನುಮಾನದ್ದೇ. ಕಂಪನಿ ಬದಲಿಸಿ ಡಿಶ್ ಕಿತ್ತೊಯ್ದಾಗ ತೂತು ಹಾಗೇ ಉಳಿದಿರುತ್ತದೆ.

ಹಳೆ ಮನೆಗೆ ಹೊಸ ಕೋಣೆ ಜೋಡಿಸಿದ್ದರೆ ಎರಡು ಸ್ಲ್ಯಾಬ್ ಕೂಡುವ ಗೆರೆ ಸಾಯುವವರೆಗೂ ಅಲುಗಾಡುತ್ತದೆ. ಅದಕ್ಕೆ ಸಿಮೆಂಟ್ ತುಂಬಿದರೆ ಒಂದೇ ಬೇಸಿಗೆಗೆ ಬಿಡುತ್ತದೆ. ಪಕ್ಕದ ಮನೆಗೂ ನಿಮ್ಮದಕ್ಕೂ ನಡುವೆ ಬಿಟ್ಟ ಎರಡು ಇಂಚಿನ ಸಂದೂ ಹಾಗೇ. ನೀರು ಅದರಲ್ಲಿ ಇಳಿದು ಇಬ್ಬರ ಗೋಡೆಯನ್ನೂ ನೆನೆಸುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಾರೆ. ಮಾತಾಡಿಕೊಂಡು ಮೇಲೊಂದು ಬಾಗಿಸಿದ ತಗಡು ಹೊದಿಸಿದರೆ ಮುಗಿಯಿತು. ತಗಡನ್ನು ಒಂದು ಕಡೆ ಮಾತ್ರ ಬಿಗಿಯಬೇಕು, ಇನ್ನೊಂದು ಕಡೆ ಆಡಲು ಬಿಡಬೇಕು.

ಇನ್ನೊಂದು ಕಾರಣ ನೆಲದ ಕೆಳಗಿದೆ. ಬಾಗಲಕೋಟೆ, ವಿಜಯಪುರದ ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅಡಿಪಾಯ ಗಟ್ಟಿ ನೆಲಕ್ಕೆ ಹೋಗಿಲ್ಲದಿದ್ದರೆ ಮನೆ ಅದರ ಜೊತೆ ಏರಿಳಿಯುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಮೆಟ್ಟಿಲ ಹಾಗೆ ಹೋದ ಬಿರುಕು, ಬೇಸಿಗೆಗೆ ಅಗಲವಾಗಿ ಮಳೆಗಾಲಕ್ಕೆ ಕೂಡಿಕೊಳ್ಳುವ ಬಿರುಕು ಕಂಡರೆ ತಾರಸಿಗೆ ಎಷ್ಟು ಬಳಿದರೂ ದುಡ್ಡು ದಂಡ. ಮೊದಲು ಮನೆ ಸುತ್ತ ನೀರು ನಿಲ್ಲದಂತೆ, ಮಳೆ ಪೈಪಿನ ನೀರು ಅಡಿಪಾಯದಿಂದ ದೂರ ಬೀಳುವಂತೆ ಮಾಡಿ.

ಹೆಜ್ಜೆ 5: ನೀರು ಬಿಟ್ಟು ಖಾತ್ರಿ ಮಾಡಿಕೊಳ್ಳಿ

ಅನುಮಾನದ ಜಾಗ ನಾಲ್ಕೈದು ಸಿಕ್ಕವು ಅಂದುಕೊಳ್ಳಿ. ಒಣ ದಿನ ಒಬ್ಬರು ಮೇಲೆ ಪೈಪ್ ಹಿಡಿದು ನಿಲ್ಲಿ, ಒಬ್ಬರು ಕೆಳಗೆ ಫೋನ್ ಹಿಡಿದು ಸೀಲಿಂಗ್ ನೋಡುತ್ತಿರಲಿ. ಯಾವಾಗಲೂ ತಗ್ಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲು ತಾರಸಿ ಮೈ, ಆಮೇಲೆ ಪ್ಯಾರಾಪೆಟ್ ಬುಡ, ಆಮೇಲೆ ಅದರ ತಲೆ. ಒಂದೊಂದು ಜಾಗಕ್ಕೆ 15 ನಿಮಿಷ. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವುದೂ ತಿಳಿಯುವುದಿಲ್ಲ. ತಾಳ್ಮೆ ಬೇಕು. ನಮ್ಮ ಮಾವನವರ ಮನೆಯಲ್ಲಿ ಇಡೀ ಭಾನುವಾರ ಇದಕ್ಕೇ ಹೋಯಿತು. ಸಿಕ್ಕಿದ್ದು ಟ್ಯಾಂಕ್ ಕಟ್ಟೆಯ ಹಿಂದಿನ ಮೂಲೆಯ ಬೆರಳಗಲ ಸಂದು.

ತಾರಸಿ ಮೈಯೇ ಇಂಗುತ್ತಿದೆ ಅನ್ನಿಸಿದರೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಭಾರ ನೆನಪಿರಲಿ: 10 ಅಡಿಗೆ 10 ಅಡಿ ಜಾಗದಲ್ಲಿ ಒಂದಿಂಚು ನೀರು ಅಂದರೆ ಸುಮಾರು 235 ಕೆಜಿ. ಎರಡು ಇಂಚು ಮೀರಬೇಡಿ. ಸೀಲಿಂಗಿನಲ್ಲಿ ಸರಳು ಕಾಣುತ್ತಿದ್ದರೆ, ಮಣ್ಣಿನ ಅಥವಾ ಕಲ್ಲು ಹಾಸಿನ ಮಾಳಿಗೆಯಾದರೆ ಈ ಪರೀಕ್ಷೆ ಬೇಡವೇ ಬೇಡ.

ಹೆಜ್ಜೆ 6: ಈಗ ರಿಪೇರಿ

ಬಿರುಕು ಆಡುತ್ತಿದೆಯೋ ಸತ್ತಿದೆಯೋ ಮೊದಲು ತಿಳಿಯಿರಿ. ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಖು ಬರೆಯಿರಿ. ಎರಡು ತಿಂಗಳಲ್ಲಿ ಗೆರೆ ದಾಟಿದರೆ ಆಡುತ್ತಿದೆ. ಆಡುವ ಬಿರುಕಿಗೆ ಸಿಮೆಂಟ್ ಹಿಡಿಯುವುದಿಲ್ಲ, ರಬ್ಬರಿನ ಹಾಗೆ ಹಿಗ್ಗುವ ಪಾಲಿಯುರೆಥೇನ್ ಸೀಲಂಟ್ ಬೇಕು. ಸತ್ತ ಬಿರುಕನ್ನು ಅರ್ಧ ಇಂಚಿನಷ್ಟು ‘ವಿ’ ಆಕಾರದಲ್ಲಿ ಬಿಡಿಸಿ, ಧೂಳು ಊದಿ, ಪಾಲಿಮರ್ ಬೆರೆಸಿದ ಗಾರೆ ತುಂಬಬಹುದು. ಮೇಲೆ ಸುಮ್ನೆ ಸಿಮೆಂಟ್ ನೀರು ಬಳಿಯುವುದು ಗಾಯಕ್ಕೆ ಪೌಡರ್ ಹಾಕಿದಂತೆ.

ಪ್ಯಾರಾಪೆಟ್ ಬುಡದ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿಸಿ. ಚೂಪು ಮೂಲೆಯಲ್ಲಿ ಯಾವ ಕೋಟಿಂಗೂ ಹರಿಯುತ್ತದೆ. ಗುಂಡಗಿನ ಅಂಚಿನ ಮೇಲೆ ಫೈಬರ್ ಬಲೆ ಹಾಸಿ ಕೋಟಿಂಗ್ ಬಳಿಯಬೇಕು. ಪ್ಯಾರಾಪೆಟ್ ಮೇಲೆ ಒಂದು ಅಡಿವರೆಗೂ ಅದು ಏರಬೇಕು. ಎಷ್ಟೋ ಕಡೆ ನೆಲಕ್ಕೆ ಬಳಿದು ಗೋಡೆಗೆ ತಾಗುತ್ತಲೇ ನಿಲ್ಲಿಸುತ್ತಾರೆ, ಬಿರುಕು ಇರುವುದೇ ಅಲ್ಲಿ.

ಕೋಟಿಂಗ್ ಬಗ್ಗೆ ಒಂದು ಗೊಂದಲ ಜಾಸ್ತಿ. ಅಕ್ರಿಲಿಕ್ ಕೋಟಿಂಗಿಗೆ ತಾರಸಿ ಪೂರ್ತಿ ಒಣಗಿರಬೇಕು. ಸಿಮೆಂಟ್ ಪುಡಿ, ದ್ರಾವಣ ಕಲಸುವ ಕೋಟಿಂಗಿಗೆ ಸಾಮಾನ್ಯವಾಗಿ ಮೊದಲು ನೀರು ಚಿಮುಕಿಸಿ ಮೈ ತೇವ ಮಾಡಬೇಕು, ನೀರು ನಿಂತಿರಬಾರದು. ಎರಡಕ್ಕೂ ಒಂದೇ ಪದ್ಧತಿ ಮಾಡಿದರೆ ಒಂದು ಕೆಡುತ್ತದೆ. ಡಬ್ಬಿ ಮೇಲಿನದು ಓದಿ. ತಾರಸಿ ಒಣಗಿದೆಯೋ ಇಲ್ಲವೋ ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಕೆಳಗೆ ಬೆವರು ಕಂಡರೆ ಇನ್ನೂ ಕಾಯಬೇಕು. ಕಮ್ಮಿ ಅಂದರೂ ಎರಡು ಕೋಟು, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಮೇ ತಿಂಗಳ ಮಧ್ಯಾಹ್ನ ಬಳಿದರೆ ಕಾದ ಹೆಂಚಿನ ಮೇಲೆ ಬಳಿದಂತೆ, ಕೂಡಲೇ ಒಣಗಿ ಪದರ ಏಳುತ್ತದೆ. ಬೆಳಗ್ಗೆ ಬೇಗ ಶುರು ಮಾಡಿ ಬಿಸಿಲು ಏರುವ ಮೊದಲು ಮುಗಿಸಿ.

ಸೋರುವ ತಾರಸಿ ಮೇಲೆ ಮತ್ತೊಂದು ಮೂರಿಂಚು ಕಾಂಕ್ರೀಟ್ ಹಾಕಿಸುವುದನ್ನು ಮಾತ್ರ ಒಪ್ಪಬೇಡಿ. ಭಾರ ಹೆಚ್ಚುತ್ತದೆ, ಕೆಳಗಿನ ಪದರದಲ್ಲಿ ಸಿಕ್ಕಿಬಿದ್ದ ನೀರು ವರ್ಷಗಟ್ಟಲೆ ಹನಿಯುತ್ತದೆ.

ಹಂಚು, ಪತ್ರಾಸ್, ಮಣ್ಣಿನ ಮಾಳಿಗೆ

ಖಾನಾಪುರ ಕಡೆಯ ಹಂಚಿನ ಮನೆಗಳಲ್ಲಿ ಒಡೆದ ಹಂಚಿಗಿಂತ ಸರಿದ ಹಂಚು ಜಾಸ್ತಿ. ಮಂಗ ಓಡಾಡಿದರೆ ಸಾಕು. ಹಗಲಲ್ಲಿ ದೀಪ ಆರಿಸಿ ಒಳಗಿನಿಂದ ಮೇಲೆ ನೋಡಿ, ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ನೀರಿಗೂ ದಾರಿ ಇದೆ. ಎಲ್ಲ ಸರಿ ಇದ್ದೂ ಸೋರಿದರೆ ಎರಡು ಇಳಿಜಾರು ಕೂಡುವ ಕಣಿವೆಯ ತಗಡು ತುಕ್ಕು ತಿಂದಿರುತ್ತದೆ, ಇಲ್ಲವೇ ಎಲೆ ತುಂಬಿರುತ್ತದೆ.

ಪತ್ರಾಸಿನಲ್ಲಿ ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಬಿರುಸಾಗಿ ಸೀಳುತ್ತದೆ. ಅದನ್ನು ಬದಲಿಸಿದರೆ ಅರ್ಧ ಸೋರಿಕೆ ಹೋಗುತ್ತದೆ. ಸಿಮೆಂಟ್ ಶೀಟಿನ ನಡುವೆ ಕಾಲಿಡಬೇಡಿ, ಹಲಗೆ ಹಾಕಿಕೊಂಡೇ ನಡೆಯಿರಿ.

ಮಣ್ಣಿನ ಮಾಳಿಗೆಗೆ ಸವಳು ಮಣ್ಣು ಹಾಕುತ್ತಿದ್ದ ಹಿರಿಯರಿಗೆ ಕೆಲಸ ಗೊತ್ತಿತ್ತು. ಒದ್ದೆಯಾದಾಗ ಅದರ ಕಣ ಬಿಡಿಯಾಗಿ ಸಂದು ಮುಚ್ಚಿಕೊಳ್ಳುತ್ತವೆ, ಹುಲ್ಲೂ ಬೆಳೆಯುವುದಿಲ್ಲ. ಎರೆ ಮಣ್ಣು ಹಾಕಿದರೆ ಬಿಸಿಲಿಗೆ ಸೀಳುತ್ತದೆ. ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಹಾಸುವವರು ಜಂತಿ, ತೊಲೆಗಳನ್ನು ವರ್ಷಕ್ಕೊಮ್ಮೆ ಚುಚ್ಚಿ ನೋಡಲಿ. ತೇವ ಅದರಡಿ ಸಿಕ್ಕಿಕೊಂಡು ಕಟ್ಟಿಗೆ ಕೊಳೆಯುತ್ತದೆ. ಬಾದಾಮಿ ಸುತ್ತಲಿನ ಕಲ್ಲು ಹಾಸಿನ ಮಾಳಿಗೆಯ ಸಂದಿಗೆ ಸಿಮೆಂಟಿಗಿಂತ ಸುಣ್ಣದ ಗಚ್ಚೇ ಮೇಲು, ಕಲ್ಲಿನ ಜೊತೆ ಸ್ವಲ್ಪ ಆಡುತ್ತದೆ.

ಗೌಂಡಿ ಸಾಕಾಗದಿದ್ದಾಗ

ಸೀಲಿಂಗಿನಿಂದ ಗಿಲಾವು ಹೆಕ್ಕಳಿಕೆಯಾಗಿ ಬಿದ್ದು ಸರಳು ಕಂಡರೆ, ಸ್ಲ್ಯಾಬ್ ನಡುವೆ ಜೋತಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ ಸಿವಿಲ್ ಇಂಜಿನಿಯರನ್ನು ಕರೆಯಿರಿ. ಆ ಕೋಣೆಯಲ್ಲಿ ಮಲಗಬೇಡಿ.

ಉಳಿದ ಕೆಲಸಕ್ಕೆ ಒಳ್ಳೆಯ ಕಾಲ ಫೆಬ್ರವರಿ, ಮಾರ್ಚ್. ಜೂನ್ ಮೊದಲ ವಾರ ಮೃಗಶಿರಾ ಮಳೆ ಹತ್ತಿರ ಬಂದಾಗ ಎಲ್ಲರೂ ಗೌಂಡಿಯ ಮನೆ ಮುಂದೆ ನಿಂತಿರುತ್ತಾರೆ, ಅವನು ಒಂದೇ ದಿನದಲ್ಲಿ ಮೂರು ಮನೆ ಮುಗಿಸುತ್ತಾನೆ. ಮಾತು ಆಡುವಾಗಲೇ ಹೇಳಿ: ಕಾಲು ಭಾಗ ದುಡ್ಡು ಮೊದಲ ದೊಡ್ಡ ಮಳೆ ಆದ ಮೇಲೆ. ಒಪ್ಪುವ ಗೌಂಡಿ ಸಿಕ್ಕರೆ ಅವನ ನಂಬರ್ ನನಗೂ ಕೊಡಿ. ನಮ್ಮ ಸಜ್ಜಾ ಕೆಲಸ ಇನ್ನೂ ಬಾಕಿ ಇದೆ.